ಮೂರನೇ ತರಗತಿಯ ಸಾಕ್ಷ್ಯ

ಎಮರಿ ಕೋವನ್ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಸೇರಿದ್ದು 1950ರಲ್ಲಿ. 2000ದಲ್ಲಿ ತೀರಿಕೊಳ್ಳುವವರೆಗೂ ಅವರ ಕೆಲಸದ ನೆಲೆ ಅದೇ ಆಗಿತ್ತು. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ ಬಂದಾಗ ಕಲಿತಿದ್ದು ಆ ಕಾಲದ ಚಿಕಿತ್ಸಾ ಮನೋವಿಜ್ಞಾನಿಗಳೆಲ್ಲ ಕಲಿತಿದ್ದನ್ನೇ: ನೊಂದವರು ಬಾಗಿಲಿಗೆ ಬರುತ್ತಾರೆ, ತಜ್ಞ ಎದುರು ಕೂತು ಮಾತಾಡಿಸುತ್ತಾನೆ, ವಾರಕ್ಕೊಮ್ಮೆಯಂತೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಈ ಪದ್ಧತಿಯ ಲೆಕ್ಕ ಎಂದಿಗೂ ತಾಳೆಯಾಗುವುದಿಲ್ಲ ಎಂಬುದು ಅವರಿಗೆ ಬೇಗ ಮನವರಿಕೆಯಾಯಿತು. ಮುಂದಿನ ವೃತ್ತಿಜೀವನವೆಲ್ಲ ಬೇರೆ ಪ್ರಶ್ನೆಗಳ ಬೆನ್ನು ಹತ್ತುವುದರಲ್ಲಿ ಕಳೆಯಿತು. ಮಗುವಿನ ಮನಸ್ಸಿನ ಕಷ್ಟ ಎಷ್ಟು ಬೇಗ ಕಣ್ಣಿಗೆ ಬೀಳುತ್ತದೆ, ಮೊದಲು ಯಾರ ಕಣ್ಣಿಗೆ ಬೀಳುತ್ತದೆ, ಆ ಮಗುವಿನ ಕೈಹಿಡಿಯಲು ತಜ್ಞರೇ ಬೇಕೆ?

ಆ ಕಾಲದ ಅಮೆರಿಕದಲ್ಲಿ ಈ ಪ್ರಶ್ನೆಗಳಿಗೆ ತುರ್ತು ಇತ್ತು. 1955ರಲ್ಲಿ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿದ್ದ ರೋಗಿಗಳ ಸಂಖ್ಯೆ ಐದೂವರೆ ಲಕ್ಷ ಮೀರಿತ್ತು. ಮಾತಿನ ಚಿಕಿತ್ಸೆಯಿಂದ ನಿಜಕ್ಕೂ ಗುಣವಾಗುತ್ತದೆಯೇ ಎಂದು ಬ್ರಿಟನ್ನಿನ ಹಾನ್ಸ್ ಐಸೆಂಕ್ 1952ರಲ್ಲೇ ಸವಾಲೆಸೆದಿದ್ದರು. ಅವರ ಅಂಕಿಅಂಶಗಳ ಬಗ್ಗೆ ವಾದ ಇಂದಿಗೂ ಮುಗಿದಿಲ್ಲ, ಆದರೆ ಆ ಪೆಟ್ಟು ಇಡೀ ವೃತ್ತಿಗೆ ತಾಗಿತು. 1959ರಲ್ಲಿ ಜಾರ್ಜ್ ಆಲ್ಬಿ ಇನ್ನೂ ಕಹಿಯಾದ ಸಂಗತಿ ಮುಂದಿಟ್ಟರು. ಬೇಕಾದಷ್ಟು ಮನೋವೈದ್ಯರನ್ನೂ ಮನೋವಿಜ್ಞಾನಿಗಳನ್ನೂ ತಯಾರು ಮಾಡುವುದು ಸದ್ಯಕ್ಕಿರಲಿ, ಮುಂದೆಂದೂ ಸಾಧ್ಯವಿಲ್ಲ ಎಂಬುದು ಅವರ ಸಮೀಕ್ಷೆಯ ಸಾರ. ಮಕ್ಕಳ ಪಾಲಿಗೆ ಸಿಗುತ್ತಿದ್ದುದು ಇದರಲ್ಲಿ ಉಳಿದ ಚೂರುಪಾರು.

ಒಂಟಾರಿಯೊ ಸರೋವರದ ದಂಡೆಯ ರಾಚೆಸ್ಟರ್ ಹೊರಗಿನವರಿಗೆ ಕೊಡಾಕ್ ಕ್ಯಾಮೆರಾದ ಊರು. ಮಕ್ಕಳ ಮನೋವಿಜ್ಞಾನದ ಚರಿತ್ರೆಯಲ್ಲಿ ಅದಕ್ಕೆ ಇನ್ನೊಂದು ಗುರುತೂ ಇದೆ. ಮುಂದೆ ಆಪ್ತಸಮಾಲೋಚನೆಯ ದಿಕ್ಕನ್ನೇ ಬದಲಿಸಿದ ಕಾರ್ಲ್ ರೋಜರ್ಸ್ ತಮ್ಮ ವೃತ್ತಿಯ ಮೊದಲ ಹನ್ನೆರಡು ವರ್ಷ, 1928ರಿಂದ 1940ರವರೆಗೆ, ದುಡಿದದ್ದು ಇಲ್ಲಿನ ಬಡ, ತೊಂದರೆಗೊಳಗಾದ ಮಕ್ಕಳ ನಡುವೆ. ಮಗುವಿನ ಮಾತನ್ನು ತಿದ್ದದೆ ಕೇಳಿಸಿಕೊಳ್ಳಬೇಕು ಎಂಬ ಅವರ ಧೋರಣೆಯ ಬೇರು ಅಲ್ಲಿದೆ. ಕೋವನ್ ಬರುವ ಹೊತ್ತಿಗೆ ರೋಜರ್ಸ್ ಊರು ಬಿಟ್ಟು ಹತ್ತು ವರ್ಷವಾಗಿತ್ತು, ಆದರೂ ಆ ಧೋರಣೆ ಕೋವನ್ ಕಟ್ಟಿದ ಕಾರ್ಯಕ್ರಮದೊಳಕ್ಕೆ ಸೇರಿಕೊಂಡಿತು.

ಕಾರ್ಯಕ್ರಮ ಶುರುವಾದದ್ದು 1957ರಲ್ಲಿ, ಒಂದೇ ಒಂದು ಪ್ರಾಥಮಿಕ ಶಾಲೆಯಲ್ಲಿ. ಅದರ ಹೆಸರನ್ನು ಕನ್ನಡದಲ್ಲಿ ಪ್ರಾಥಮಿಕ ಮಾನಸಿಕ ಆರೋಗ್ಯ ಯೋಜನೆ ಎನ್ನಬಹುದು. ಹಿಂದಿದ್ದ ಪ್ರೇರಣೆ ದೊಡ್ಡ ಸಿದ್ಧಾಂತವೇನಲ್ಲ, ಶಾಲೆಯವರೆಲ್ಲ ಹೇಳುತ್ತಿದ್ದ ಎರಡು ಮಾತುಗಳು. ತರಗತಿಯ ಮೂರ್ನಾಲ್ಕು ಮಕ್ಕಳೇ ತಮ್ಮ ಹೊತ್ತನ್ನೆಲ್ಲ ತಿಂದುಹಾಕುತ್ತಾರೆ, ಉಳಿದವರಿಗೆ ಪಾಠ ಮಾಡಲು ಸಮಯವೇ ಸಿಗುವುದಿಲ್ಲ ಎಂದು ಶಿಕ್ಷಕಿಯರು ಹೇಳುತ್ತಿದ್ದರು. ಇನ್ನೊಂದು ಕಡೆ, ಪ್ರಾಥಮಿಕ ಶಾಲೆ ಮುಗಿಸಿ ಪ್ರೌಢಶಾಲೆಗೆ ಕಾಲಿಡುವ ವಯಸ್ಸಿನಲ್ಲಿ ಮನೋವಿಜ್ಞಾನಿಯ ಬಳಿಗೆ ಕಳಿಸುವ ಮಕ್ಕಳ ಸಂಖ್ಯೆ ದಿಢೀರನೆ ಏರುತ್ತಿತ್ತು. ಅಂಥ ಮಕ್ಕಳ ಹಳೆಯ ಕಡತಗಳನ್ನು ತೆಗೆದು ನೋಡಿದರೆ ಒಂದನೇ, ಎರಡನೇ ತರಗತಿಯಲ್ಲೇ ಶಿಕ್ಷಕಿಯರು ಅದೇ ತೊಂದರೆಗಳನ್ನು ಬರೆದಿಟ್ಟಿದ್ದರು. ಎಲ್ಲರಿಗೂ ಗೊತ್ತಿತ್ತು. ತಾನೇ ಸರಿಹೋದೀತೆಂದು ಎಲ್ಲರೂ ಕಾದಿದ್ದರು.

ಹಾಗಾಗಿ ಕೋವನ್ ಮತ್ತು ಅವರ ಸಹೋದ್ಯೋಗಿ ಮೆಲ್ವಿನ್ ಝ್ಯಾಕ್ಸ್ ಒಂದನೇ ತರಗತಿಯ ಎಲ್ಲ ಮಕ್ಕಳನ್ನೂ ಜರಡಿ ಹಿಡಿಯುವುದರಿಂದ ಆರಂಭಿಸಿದರು. ಮಕ್ಕಳಿಗೆ ಪರೀಕ್ಷೆ, ತರಗತಿಯಲ್ಲಿ ಕೂತು ಗಮನಿಸುವಿಕೆ, ಶಿಕ್ಷಕಿಯ ವರದಿ, ಜತೆಗೆ ತಾಯಂದಿರೊಡನೆ ಸಮಾಜಸೇವಕಿಯ ಮಾತುಕತೆ. ಇವೆಲ್ಲವನ್ನೂ ಸೇರಿಸಿ ನೋಡಿದಾಗ ಸುಮಾರು ಮೂರನೇ ಒಂದು ಭಾಗದ ಮಕ್ಕಳಲ್ಲಿ ಹೊಂದಾಣಿಕೆಯ ತೊಂದರೆ ಈಗಾಗಲೇ ಕಾಣಿಸಿಕೊಂಡಿತ್ತು ಇಲ್ಲವೇ ಕಾಣಿಸಿಕೊಳ್ಳುವ ಸೂಚನೆಯಿತ್ತು. ಸಂಶೋಧಕರು ಈ ಗುಂಪಿಗೆ ಕೆಂಪು ಚೀಟಿಯ ಮಕ್ಕಳು ಎಂದು ಹೆಸರಿಟ್ಟರು. ಈ ಮಕ್ಕಳು ಮೂರನೇ ತರಗತಿಗೆ ಬರುವ ಹೊತ್ತಿಗೆ ಹಾಜರಿಯಲ್ಲಿ, ಅಂಕಗಳಲ್ಲಿ, ಶಿಕ್ಷಕಿಯರ ಅಭಿಪ್ರಾಯದಲ್ಲಿ, ಸಹಪಾಠಿಗಳ ಅಭಿಪ್ರಾಯದಲ್ಲಿ ಉಳಿದವರಿಗಿಂತ ಹಿಂದೆ ಬಿದ್ದಿದ್ದರು. ಕಾದು ನೋಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಹೆಚ್ಚಿನವರ ಮಟ್ಟಿಗೆ ಸುಳ್ಳಾಯಿತು.

ಆರು ವರ್ಷದ ಮಗುವಿಗೆ ಇಂಥ ಹೆಸರಿಡುವುದು ಅಪಾಯದ ಕೆಲಸ ಎಂಬುದನ್ನೂ ಹೇಳಬೇಕು. ಶಿಕ್ಷಕರ ನಿರೀಕ್ಷೆಯೇ ಮಗುವಿನ ಕಲಿಕೆಯನ್ನು ತಿರುಗಿಸಬಲ್ಲದು ಎಂದು ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ 1968ರಲ್ಲಿ ವಾದಿಸಿದಾಗ ಶಿಕ್ಷಣಲೋಕದಲ್ಲಿ ದೊಡ್ಡ ಗದ್ದಲವೇ ಎದ್ದಿತು. ಆ ಪ್ರಯೋಗದ ವಿಧಾನದ ಮೇಲೆ ಟೀಕೆಗಳಿದ್ದರೂ ಎಚ್ಚರಿಕೆ ನ್ಯಾಯವಾದದ್ದು. ಜರಡಿ ಹಿಡಿದು ಹೆಸರು ಹಚ್ಚಿ ಸುಮ್ಮನಾದರೆ ಅದು ಮಗುವಿಗೆ ಮಾಡಿದ ಕೇಡು. ಜರಡಿಯ ಮರುದಿನವೇ ಸಹಾಯ ಸಿದ್ಧವಿದ್ದರೆ ಮಾತ್ರ ಅದಕ್ಕೆ ಸಮರ್ಥನೆ. ಕೋವನ್ ಎದುರಿಗಿದ್ದ ನಿಜವಾದ ಸಮಸ್ಯೆ ಇದೇ. ಶಾಲೆಯ ಮೂರನೇ ಒಂದು ಭಾಗದ ಮಕ್ಕಳಿಗೆ ಸಹಾಯ ಬೇಕು ಎಂದು ಗೊತ್ತಾದ ಮೇಲೆ ಆ ಸಹಾಯ ಕೊಡುವವರು ಎಲ್ಲಿದ್ದಾರೆ?

ಉತ್ತರ ಶಾಲೆಯ ಸುತ್ತಮುತ್ತಲ ಮನೆಗಳಲ್ಲೇ ಇತ್ತು. 1960ರ ಸುಮಾರಿಗೆ ಮಾರ್ಗರೆಟ್ ರಿಯಾಕ್ ಎಂಬ ಮನೋವಿಜ್ಞಾನಿ ವಾಷಿಂಗ್ಟನ್ ಬಳಿಯ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಎಂಟು ಮಂದಿ ಗೃಹಿಣಿಯರಿಗೆ ತರಬೇತಿ ಕೊಟ್ಟು ಆಪ್ತಸಮಾಲೋಚಕಿಯರನ್ನಾಗಿಸಿದ್ದರು. ಆ ಮಹಿಳೆಯರು ಚೆನ್ನಾಗಿ ಓದಿಕೊಂಡವರು, ತರಬೇತಿಯೂ ಎರಡು ವರ್ಷದ್ದು. ಕೋವನ್ ಇನ್ನೂ ಧೈರ್ಯದ ಹೆಜ್ಜೆ ಇಟ್ಟರು. 1960ರ ದಶಕದ ನಡುವಿನಲ್ಲಿ ಅವರು ಮಕ್ಕಳ ಸಹಾಯಕಿಯರೆಂದು ಆರಿಸಿಕೊಂಡ ಗೃಹಿಣಿಯರಿಗೆ ಪದವಿಯ ಷರತ್ತು ಇರಲಿಲ್ಲ. ಮಕ್ಕಳ ಬಗ್ಗೆ ಅಕ್ಕರೆ, ಆತುರಪಡದ ಸ್ವಭಾವ, ಸ್ವಂತ ಮಕ್ಕಳನ್ನು ಬೆಳೆಸಿದ ಅನುಭವ, ಇವು ಅರ್ಹತೆಗಳು. ಕೆಲವೇ ವಾರಗಳ ತರಬೇತಿ, ಆಮೇಲೆ ಕೆಲಸ ಮಾಡುತ್ತಲೇ ಕಲಿಕೆ. ಕೆಲಸ ಅರೆಹೊತ್ತಿನದು, ಸಂಬಳ ಉಂಟು. ಕಾಲೇಜು ವಿದ್ಯಾರ್ಥಿಗಳನ್ನೂ ನಿವೃತ್ತರನ್ನೂ ಇದೇ ಕೆಲಸಕ್ಕೆ ಹಚ್ಚಿ ನೋಡಿದ ಪ್ರಯೋಗಗಳು ಅದೇ ದಶಕದಲ್ಲಿ ನಡೆದವು. ನಿವೃತ್ತರ ಕುರಿತ ವರದಿ 1968ರಲ್ಲಿ ಪ್ರಕಟವಾಯಿತು.

ಸಹಾಯಕಿ ಮಾಡುತ್ತಿದ್ದ ಕೆಲಸ ಹೊರಗಿನಿಂದ ನೋಡುವವರಿಗೆ ಏನೂ ಅಲ್ಲ ಅನ್ನಿಸುವಂಥದ್ದು. ಶಾಲೆಯೊಳಗೇ ಒಂದು ಸಣ್ಣ ಆಟದ ಕೋಣೆ. ಅದರಲ್ಲಿ ಜೇಡಿಮಣ್ಣು, ಬಣ್ಣ, ಕೈಗೊಂಬೆಗಳು, ಗೊಂಬೆಮನೆ, ಒಂದೆರಡು ಬೋರ್ಡ್ ಆಟ. ಮಗು ವಾರಕ್ಕೆ ಒಂದೋ ಎರಡೋ ಸಲ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ಅಲ್ಲಿಗೆ ಬರುತ್ತದೆ. ಏನು ಆಡಬೇಕೆಂಬುದು ಮಗುವಿನ ಆಯ್ಕೆ. ಗೊಂಬೆಮನೆಯ ಅಪ್ಪನನ್ನು ಹುಡುಗನೊಬ್ಬ ಮತ್ತೆ ಮತ್ತೆ ಹೊರಗೆ ಎಸೆಯುತ್ತಿದ್ದರೆ ಸಹಾಯಕಿ ಯಾಕೆಂದು ಪ್ರಶ್ನಿಸುವುದಿಲ್ಲ, ತಪ್ಪೆಂದು ಗದರುವುದೂ ಇಲ್ಲ. ಅಪ್ಪನ ಮೇಲೆ ತುಂಬ ಸಿಟ್ಟು ಬಂದಹಾಗಿದೆ ಎಂದಷ್ಟೇ ಅನ್ನುತ್ತಾಳೆ. ರೋಜರ್ಸ್ ಅವರೊಡನೆ ಕೆಲಸ ಮಾಡಿದ್ದ ವರ್ಜೀನಿಯಾ ಆಕ್ಸ್‌ಲೈನ್ 1940ರ ದಶಕದಲ್ಲಿ ರೂಪಿಸಿದ ಆಟದ ಚಿಕಿತ್ಸೆಯ ಸರಳ ರೂಪ ಇದು. ಭಾವನೆಗೆ ಹೆಸರು ಸಿಕ್ಕಿದಾಗ ಅದು ಕೈಕಾಲುಗಳಿಂದ ಹೊರಬರಬೇಕಾದ ಒತ್ತಡ ಸ್ವಲ್ಪ ತಗ್ಗುತ್ತದೆ. ಇಡೀ ದಿನದಲ್ಲಿ ಒಬ್ಬ ಹಿರಿಯರ ಗಮನ ಪೂರ್ತಿಯಾಗಿ ತನ್ನೊಬ್ಬನಿಗೇ ಸಿಗುವುದು ಎಷ್ಟೋ ಮಕ್ಕಳಿಗೆ ಅದೇ ಮೊದಲ ಸಲ. ಒಂದು ಶಾಲಾವರ್ಷದಲ್ಲಿ ಇಂಥ ಇಪ್ಪತ್ತಕ್ಕೂ ಹೆಚ್ಚು ಭೇಟಿಗಳು.

ಇದರಿಂದ ಶಾಲೆಯ ಮನೋವಿಜ್ಞಾನಿಯ ಕೆಲಸವೇ ತಿರುವುಮುರುವಾಯಿತು. ಒಂದೊಂದೇ ಮಗುವನ್ನು ತಾನೇ ಕೂರಿಸಿಕೊಂಡು ಪರೀಕ್ಷಿಸಿ ವರದಿ ಬರೆಯುತ್ತಿದ್ದವನು ಈಗ ಸಹಾಯಕಿಯರನ್ನು ಆರಿಸಿ, ಕಲಿಸಿ, ವಾರವಾರ ಅವರ ಜತೆ ಕೂತು ಪ್ರತಿ ಮಗುವಿನ ವಿಚಾರ ಚರ್ಚಿಸಬೇಕು, ಶಿಕ್ಷಕಿಯರಿಗೆ ಸಲಹೆ ಕೊಡಬೇಕು. ಮೊದಲು ಬೆರಳೆಣಿಕೆಯ ಮಕ್ಕಳನ್ನು ತಲುಪುತ್ತಿದ್ದವನ ಸಮಯ ಈಗ ಹತ್ತಾರು ಮಕ್ಕಳವರೆಗೆ ಚಾಚಿತು. ಆರಂಭದ ಭಾರೀ ಪರೀಕ್ಷೆಗಳ ಜಾಗಕ್ಕೂ ಶಿಕ್ಷಕಿ ಕೆಲವೇ ನಿಮಿಷದಲ್ಲಿ ತುಂಬಬಹುದಾದ 11 ಪ್ರಶ್ನೆಗಳ ಪಟ್ಟಿ ಬಂತು. ಅದು ಮೂರು ಸಂಗತಿಗಳನ್ನಷ್ಟೇ ಅಳೆಯುತ್ತಿತ್ತು: ಮೈಮೇಲೆ ಬೀಳುವ ಜಗಳಗಂಟತನ, ಮಂಕಾಗಿ ಒಳಗೇ ಸರಿದುಕೊಳ್ಳುವ ಸ್ವಭಾವ, ಕಲಿಕೆಯ ತೊಡಕು. ಎರಡನೆಯ ಗುಂಪಿನ ಮಕ್ಕಳನ್ನು ಗುರುತಿಸಿದ್ದು ಈ ಪಟ್ಟಿಯ ದೊಡ್ಡ ಉಪಕಾರ. ಗಲಾಟೆ ಮಾಡುವ ಮಗು ತಾನಾಗಿಯೇ ಎಲ್ಲರ ಕಣ್ಣಿಗೆ ಬೀಳುತ್ತದೆ. ಹಿಂದಿನ ಬೆಂಚಿನಲ್ಲಿ ವರ್ಷವಿಡೀ ಬಾಯಿಬಿಡದೆ ಕೂರುವ ಮಗುವನ್ನು ಶಾಲೆ ಒಳ್ಳೆಯ ಮಗು ಎಂದೇ ಎಣಿಸುತ್ತದೆ.

ಕೋವನ್ ತಂಡದ ಹೆಸರು ಶಾಶ್ವತವಾಗಿ ಉಳಿದದ್ದು 1973ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ. ರಾಚೆಸ್ಟರ್ ನಗರವಿರುವ ಮನ್ರೊ ಕೌಂಟಿಯಲ್ಲಿ 1960ರಿಂದ ಮನೋವೈದ್ಯಕೀಯ ರಿಜಿಸ್ಟರ್ ಒಂದನ್ನು ಇಡಲಾಗುತ್ತಿತ್ತು. ಆ ಪ್ರದೇಶದಲ್ಲಿ ಮನಸ್ಸಿನ ಕಾಯಿಲೆಗೆಂದು ಚಿಕಿತ್ಸೆ ಪಡೆದವರ ಹೆಸರುಗಳು ಗೌಪ್ಯವಾಗಿ ಅದರಲ್ಲಿ ದಾಖಲಾಗುತ್ತಿದ್ದವು. ಅಂಥ ದಾಖಲೆ ಜಗತ್ತಿನಲ್ಲೇ ಅಪರೂಪ. ಇತ್ತ ಕೋವನ್ ಅವರ ಕಪಾಟಿನಲ್ಲಿ ಯೋಜನೆಯ ಮೊದಲ ವರ್ಷಗಳ ಮಕ್ಕಳ ಬಗ್ಗೆ ಮೂರನೇ ತರಗತಿಯಲ್ಲಿ ಕಲೆಹಾಕಿದ ಮಾಹಿತಿ ಇತ್ತು: ಬುದ್ಧಿಶಕ್ತಿಯ ಪರೀಕ್ಷೆ, ಕಲಿಕೆಯ ಅಂಕಗಳು, ಹಾಜರಿ, ಶಿಕ್ಷಕಿಯರ ಅಭಿಪ್ರಾಯ, ಮಕ್ಕಳು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು. ಮಕ್ಕಳು ಪರಸ್ಪರರ ಬಗ್ಗೆ ಹೇಳಿದ್ದೂ ಇತ್ತು. ಈ ಕೊನೆಯದನ್ನು ಪಡೆಯಲು ಕ್ಯಾಲಿಫೋರ್ನಿಯಾದ ಎಲೈ ಬೋವರ್ ರೂಪಿಸಿದ ತರಗತಿ ನಾಟಕ ಎಂಬ ಜಾಣ ಉಪಾಯವನ್ನು ಬಳಸಿದ್ದರು. ನಾವೊಂದು ನಾಟಕ ಆಡೋಣ, ಯಾವ ಪಾತ್ರಕ್ಕೆ ನಿಮ್ಮ ತರಗತಿಯಲ್ಲಿ ಯಾರು ಸರಿ ಎಂದು ಮಕ್ಕಳನ್ನು ಕೇಳುವುದು. ನಿಜವಾದ ಗೆಳೆಯನ ಪಾತ್ರ ಇರುತ್ತದೆ, ದರ್ಪದ ಯಜಮಾನನ ಬಗೆಯ ಪಾತ್ರವೂ ಇರುತ್ತದೆ. ಯಾರನ್ನೂ ಕೆಟ್ಟವರೆಂದು ದೂರಬೇಕಾಗಿಲ್ಲ, ಆಟದಂತೆ ಆರಿಸಿದರಾಯಿತು. ನಾಟಕವನ್ನು ಯಾರೂ ಆಡುವುದಿಲ್ಲ.

11ರಿಂದ 13 ವರ್ಷಗಳ ನಂತರ, ಆ ಮಕ್ಕಳು ಇಪ್ಪತ್ತರ ಹರೆಯದ ಆಸುಪಾಸಿಗೆ ಬಂದಾಗ, ಎರಡೂ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಲಾಯಿತು. ರಿಜಿಸ್ಟರಿಗೆ ಹೆಸರು ಸೇರುವವರನ್ನು ಉಳಿದೆಲ್ಲ ಅಳತೆಗಳಿಗಿಂತ ಚೆನ್ನಾಗಿ ಮುನ್ಸೂಚಿಸಿದ್ದು ಆ ನಾಟಕದ ಪಾತ್ರಹಂಚಿಕೆ. ಬುದ್ಧಿಶಕ್ತಿಯ ಪರೀಕ್ಷೆಗೆ ಆಗದಿದ್ದದ್ದು, ಶಿಕ್ಷಕಿಯರ ಅಭಿಪ್ರಾಯಕ್ಕೂ ಅಷ್ಟರ ಮಟ್ಟಿಗೆ ಆಗದಿದ್ದದ್ದು, ಎಂಟೊಂಬತ್ತು ವರ್ಷದ ಮಕ್ಕಳ ಮೂಗಿನ ನೇರದ ತೀರ್ಪಿಗೆ ಆಯಿತು. ಕೆಟ್ಟ ಪಾತ್ರಗಳಿಗೆ ಪದೇಪದೇ ಆಯ್ಕೆಯಾದ ಮಕ್ಕಳು ಮುಂದೆ ಮನೋವೈದ್ಯಕೀಯ ಚಿಕಿತ್ಸೆಗೆ ಬರುವ ಸಂಭವ ಹೆಚ್ಚಿತ್ತು.

ಯಾಕೆ ಹೀಗೆ ಎಂಬುದಕ್ಕೆ ಎರಡು ವಿವರಣೆಗಳಿವೆ. ಶಿಕ್ಷಕಿ ನೋಡುವುದು ಪಾಠದ ಹೊತ್ತಿನ ಮಗುವನ್ನು. ಊಟದ ಹೊತ್ತು, ಆಟದ ಬಯಲು, ಶಾಲೆಯ ಬಸ್ಸು, ಇವೆಲ್ಲ ಮಕ್ಕಳ ಲೋಕ. ಅಲ್ಲಿ ಯಾರು ಹೇಗೆ ಎಂಬುದು ಇಪ್ಪತ್ತೈದು ಜತೆಗಾರರಿಗೆ ಗೊತ್ತಿರುತ್ತದೆ, ಅಷ್ಟು ಕಣ್ಣುಗಳ ಸರಾಸರಿ ಒಬ್ಬರ ಅಂದಾಜಿಗಿಂತ ಗಟ್ಟಿ. ಎರಡನೆಯ ವಿವರಣೆ ಹೆಚ್ಚು ನೋವಿನದು. ಜತೆಯವರು ದೂರವಿಟ್ಟದ್ದೇ ಆ ಮಗುವಿನ ಮನಸ್ಸನ್ನು ಹದಗೆಡಿಸಿರಬಹುದು. ಹಾಗಿದ್ದರೆ ಪಾತ್ರಹಂಚಿಕೆ ಬರೀ ಸೂಚನೆಯಲ್ಲ, ಕಾರಣದ ಒಂದು ಭಾಗ. 1973ರ ಅಧ್ಯಯನ ಇವೆರಡನ್ನೂ ಬೇರ್ಪಡಿಸಲಾರದು. ಅದನ್ನು ಉಲ್ಲೇಖಿಸುವವರು ಮರೆಯುವ ಇನ್ನೊಂದು ಸಂಗತಿಯಿದೆ: ಕೆಟ್ಟ ಪಾತ್ರ ಸಿಕ್ಕವರಲ್ಲಿ ಹೆಚ್ಚಿನವರ ಹೆಸರು ರಿಜಿಸ್ಟರಿನಲ್ಲಿ ಇರಲೇ ಇಲ್ಲ. ಗುಂಪಿನ ಮಟ್ಟದಲ್ಲಿ ನಿಜವಾದದ್ದನ್ನು ಒಂದು ಮಗುವಿನ ಹಣೆಬರಹವಾಗಿ ಓದಬಾರದು. ಏನೇ ಇರಲಿ, ಮಕ್ಕಳು ಒಬ್ಬರೊಡನೊಬ್ಬರು ಹೇಗೆ ಬಾಳುತ್ತಾರೆ ಎಂಬುದು ಆಟದ ಬಯಲಿನ ಕ್ಷುಲ್ಲಕ ವಿಷಯ ಎಂದು ತಳ್ಳಿಹಾಕುವುದು ಆಮೇಲೆ ಕಷ್ಟವಾಯಿತು.

ಯೋಜನೆಯಿಂದ ಮಕ್ಕಳಿಗೆ ಎಷ್ಟು ಪ್ರಯೋಜನವಾಯಿತು? ಒಳ್ಳೆಯ ಉದ್ದೇಶವೊಂದೇ ಸಾಲದು ಎಂಬುದಕ್ಕೆ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್-ಸಾಮರ್‌ವಿಲ್ ಅಧ್ಯಯನ ಸಾಕ್ಷಿ. ಅಲ್ಲಿ ಸಮಾಜಸೇವಕರು ಹುಡುಗರನ್ನು ವರ್ಷಗಟ್ಟಲೆ ಅಕ್ಕರೆಯಿಂದ ನೋಡಿಕೊಂಡಿದ್ದರು. ಮೂವತ್ತು ವರ್ಷಗಳ ನಂತರ, 1978ರಲ್ಲಿ, ಜೋನ್ ಮೆಕಾರ್ಡ್ ಪ್ರಕಟಿಸಿದ ಫಲಿತಾಂಶದಂತೆ ಸಹಾಯ ಪಡೆದವರ ಬದುಕು ಪಡೆಯದವರಿಗಿಂತ ಕೆಲವು ವಿಷಯಗಳಲ್ಲಿ ಕೆಟ್ಟದಾಗಿತ್ತು. ಕೋವನ್ ತಂಡ ಮೊದಲಿನಿಂದಲೂ ಅಳೆಯುತ್ತಲೇ ಇತ್ತು, 1983ರಲ್ಲಿ ಸತತ ಏಳು ವರ್ಷಗಳ ಫಲಿತಾಂಶಗಳನ್ನು ಒಟ್ಟಿಗೆ ಮುಂದಿಟ್ಟಿತು. ಮಕ್ಕಳು ಸುಧಾರಿಸಿದ್ದರು. ಆದರೆ ಎಲ್ಲರೂ ಒಂದೇ ಸಮನಾಗಿ ಅಲ್ಲ. ನಾಚಿಕೆಯ, ಅಂಜುಬುರುಕ ಮಕ್ಕಳು ಎಲ್ಲರಿಗಿಂತ ಹೆಚ್ಚು ಚೇತರಿಸಿಕೊಂಡರು. ಜಗಳಗಂಟ ಮಕ್ಕಳಿಗೆ ಆಟದ ಕೋಣೆಯ ಮೃದುತನದಿಂದ ಆದ ಲಾಭ ಕಡಿಮೆ. ಮುಂಚಿನ ಅಳತೆಗಳಲ್ಲೇ ಸಿಕ್ಕಿದ್ದ ಈ ತಿಳಿವಳಿಕೆಯ ಮೇಲೆ 1970ರ ದಶಕದಲ್ಲೇ ಸಹಾಯಕಿಯರಿಗೆ ಬೇರೆ ತರಬೇತಿ ಕೊಡಲಾಗಿತ್ತು. ಭಾವನೆಯನ್ನು ಒಪ್ಪಿಕೊಳ್ಳುತ್ತಲೇ ನಡತೆಗೆ ಗಡಿ ಹಾಕುವುದು ಹೇಗೆ, ಹೇಳಿದ ಗಡಿಯಿಂದ ಕದಲದಿರುವುದು ಹೇಗೆ ಎಂಬುದರ ಅಭ್ಯಾಸ ಅದು.

ಈ ಫಲಿತಾಂಶಗಳಲ್ಲಿ ದೌರ್ಬಲ್ಯಗಳೂ ಇದ್ದವು. ಯಾರಿಗೆ ಸಹಾಯ, ಯಾರಿಗಿಲ್ಲ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವ ಕಟ್ಟುನಿಟ್ಟಿನ ಪ್ರಯೋಗ ದಿನನಿತ್ಯದ ಶಾಲೆಯಲ್ಲಿ ನಡೆಸುವುದು ಸುಲಭವಲ್ಲ. ಅಂಕ ಕೊಟ್ಟವರು ಬಹುಪಾಲು ಆ ಕಾರ್ಯಕ್ರಮದಲ್ಲೇ ತೊಡಗಿದ್ದ ಶಿಕ್ಷಕಿಯರು ಮತ್ತು ಸಹಾಯಕಿಯರು. ತಾವು ಯಾವ ಮಗುವಿಗಾಗಿ ದುಡಿದರೋ ಅದು ಸುಧಾರಿಸಿದೆ ಎಂದು ಕಾಣುವುದು ಮನುಷ್ಯ ಸಹಜ.

ಮಕ್ಕಳ ಸಹಾಯಕಿಯರ ಯಶಸ್ಸು ಕೋವನ್ ಅವರನ್ನು ಒಂದು ವಿಚಿತ್ರ ಸಂಶೋಧನೆಗೂ ಕರೆದೊಯ್ದಿತು. ಜನ ತಮ್ಮ ಸಂಕಟಗಳನ್ನು ನಿಜವಾಗಿ ಎಲ್ಲಿ ತೋಡಿಕೊಳ್ಳುತ್ತಾರೆ? ಕ್ಷೌರದಂಗಡಿ ಮತ್ತು ಬ್ಯೂಟಿ ಪಾರ್ಲರಿನವರು, ವಿಚ್ಛೇದನದ ವಕೀಲರು, ಕಾರ್ಖಾನೆಯ ಮೇಲ್ವಿಚಾರಕರು, ಬಾರ್‌ನಲ್ಲಿ ಮದ್ಯ ಸುರಿದುಕೊಡುವವರು, ಈ ನಾಲ್ಕು ಗುಂಪಿನವರನ್ನು ಮಾತಾಡಿಸಿ ಅವರು 1982ರಲ್ಲಿ ವರದಿ ಬರೆದರು. ಮಕ್ಕಳ ತೊಂದರೆ, ಗಂಡಹೆಂಡಿರ ಜಗಳ, ಆರೋಗ್ಯ, ಖಿನ್ನತೆ, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಕೇಳುವವರೂ ಸುಮ್ಮನೆ ಕೇಳುತ್ತಿದ್ದರು, ಸಮಾಧಾನ ಹೇಳುತ್ತಿದ್ದರು, ನಗಿಸುತ್ತಿದ್ದರು, ಬೇರೆ ದಾರಿ ತೋರಿಸುತ್ತಿದ್ದರು. ಮನೋವಿಜ್ಞಾನದ ಪ್ರತಿಷ್ಠಿತ ಪತ್ರಿಕೆಯಲ್ಲಿ ಬಾರ್‌ನವರಿಗೂ ಜಾಗ ಸಿಕ್ಕಿದ್ದನ್ನು ಕಂಡು ಮೂಗು ಮುರಿದವರು ಇದ್ದಿರಬಹುದು. ತಜ್ಞರ ಕೋಣೆಯ ಹೊರಗೆ ನಡೆಯುವ ಸಹಾಯವೇ ದೊಡ್ಡ ಪಾಲು ಎಂಬ ಮಾತನ್ನು ಮಾತ್ರ ತಳ್ಳಿಹಾಕುವಂತಿರಲಿಲ್ಲ.

1980ರ ದಶಕದಲ್ಲಿ ಕೆಲಸ ಹಲವು ಕವಲುಗಳಾಗಿ ಹಬ್ಬಿತು. ತಂದೆತಾಯಿ ಬೇರೆಯಾದ ಮಕ್ಕಳಿಗಾಗಿ ಜೋಆ್ಯನ್ ಪೆಡ್ರೊ-ಕ್ಯಾರಲ್ ಜತೆ ರೂಪಿಸಿದ ಗುಂಪು ಕಾರ್ಯಕ್ರಮದ ಫಲಿತಾಂಶ 1985ರಲ್ಲಿ ಪ್ರಕಟವಾಯಿತು. ಮನೆ ಒಡೆದದ್ದು ತನ್ನ ತಪ್ಪಿನಿಂದಲ್ಲ ಎಂಬುದನ್ನು ಅದೇ ಪಾಡಿನ ಇತರ ಮಕ್ಕಳ ಬಾಯಿಂದ ಕೇಳುವುದೇ ಅದರ ಹೂರಣ. ತಂಟೆ ಬಂದಾಗ ಒಂದಲ್ಲ, ಹಲವು ಪರಿಹಾರ ಯೋಚಿಸುವುದನ್ನು ಇಡೀ ತರಗತಿಗೆ ಕಲಿಸುವ ಪ್ರಯೋಗಗಳೂ ನಡೆದವು; ಫಿಲಡೆಲ್ಫಿಯಾದ ಜಾರ್ಜ್ ಸ್ಪಿವಾಕ್ ಮತ್ತು ಮಿರ್ನಾ ಶುರ್ ಹಾಕಿಕೊಟ್ಟ ದಾರಿ ಅದು. 1987ರಲ್ಲಿ ಶುರುವಾದ ಇನ್ನೊಂದು ಅಧ್ಯಯನ ಪ್ರಶ್ನೆಯನ್ನೇ ಮಗುಚಿಹಾಕಿತು. ಬಡತನ, ಮನೆಯ ಜಗಳ, ಹಿಂಸೆ, ಸಾವು, ಇಂಥ ಹಲವು ಹೊಡೆತಗಳ ನಡುವೆಯೂ ಕೆಲವು ಮಕ್ಕಳು ಚೆನ್ನಾಗಿರುತ್ತಾರೆ. ಅವರಲ್ಲೇನಿದೆ? ನಗರದ ಶಾಲೆಗಳ ನಾಲ್ಕರಿಂದ ಆರನೇ ತರಗತಿಯ ಮಕ್ಕಳನ್ನೂ ಅವರ ಪೋಷಕರನ್ನೂ ಕಂಡು ಮಾತಾಡಿದಾಗ ತೇಲಿಬಂದದ್ದು ಮಗುವಿಗೂ ಮನೆಯ ಹಿರಿಯರಿಗೂ ನಡುವಿನ ಬೆಚ್ಚಗಿನ ನಂಟು, ಮಗುವನ್ನು ಬೆಳೆಸಬಲ್ಲೆ ಎಂಬ ಹಿರಿಯರ ಆತ್ಮವಿಶ್ವಾಸ, ಮುಂದೆ ಒಳ್ಳೆಯದಾಗುತ್ತದೆ ಎಂಬ ಮಗುವಿನ ನಂಬಿಕೆ.

ತಮ್ಮ ಹೆಸರಾದ ಯೋಜನೆಯ ಮಿತಿಯನ್ನು ಎಲ್ಲರಿಗಿಂತ ನಿಷ್ಠುರವಾಗಿ ಹೇಳಿದವರು ಕೋವನ್ ಅವರೇ. ತೊಂದರೆಯ ಮೊಳಕೆ ಕಂಡ ಮೇಲೆ ಕೈಹಿಡಿಯುವುದು ನಿಜವಾದ ತಡೆಗಟ್ಟುವಿಕೆಯಲ್ಲ, ತೊಂದರೆ ಮೊಳೆಯದಂತೆ ಮಾಡುವುದು ತಡೆಗಟ್ಟುವಿಕೆ ಎಂಬುದು ಅವರ ಪಟ್ಟು. ವೃತ್ತಿಯ ಸಂಜೆಯಲ್ಲಿ ಆ ಮಾತೂ ಅವರಿಗೆ ಸಾಲದಾಯಿತು. 1991 ಮತ್ತು 1994ರ ಲೇಖನಗಳಲ್ಲಿ ಅವರು ಕಾಯಿಲೆ ಇಲ್ಲದಿರುವುದರ ಬದಲು ಮನಸ್ಸಿನ ಸ್ವಾಸ್ಥ್ಯವನ್ನೇ ಗುರಿಯಾಗಿಸಬೇಕೆಂದು ವಾದಿಸಿದರು. ಎಳವೆಯ ಗಟ್ಟಿ ಬಾಂಧವ್ಯ, ವಯಸ್ಸಿಗೆ ತಕ್ಕ ಕೌಶಲ, ಒಳಿತಿಗೆ ಇಂಬುಕೊಡುವ ಶಾಲೆ ಮತ್ತು ನೆರೆಹೊರೆ, ತನ್ನ ಬದುಕು ತನ್ನ ಕೈಯಲ್ಲಿದೆ ಎಂಬ ಭಾವ, ಒತ್ತಡವನ್ನು ನಿಭಾಯಿಸುವ ಶಕ್ತಿ, ಇವು ಅದರ ದಾರಿಗಳು. ನಾಲ್ಕನೆಯದು ಮನೋವಿಜ್ಞಾನಿಯ ಕೈಗೆ ಮಾತ್ರ ಸಿಗುವಂಥದ್ದಲ್ಲ. ಅದು ನ್ಯಾಯ, ಸಂಪತ್ತಿನ ಹಂಚಿಕೆಯ ವಿಷಯ ಎಂಬುದನ್ನು ಅವರು ಮರೆಮಾಚಲಿಲ್ಲ. 1964ರ ಜುಲೈನಲ್ಲಿ ರಾಚೆಸ್ಟರ್ ಜನಾಂಗೀಯ ದಂಗೆಯಲ್ಲಿ ಹೊತ್ತಿ ಉರಿದದ್ದು ಅವರ ಕಾರ್ಯಕ್ರಮ ಬೆಳೆಯುತ್ತಿದ್ದ ದಿನಗಳಲ್ಲೇ.

ಯೋಜನೆ ಒಂದು ಶಾಲೆಯಿಂದ ಹೊರಟು ಅಮೆರಿಕದ ಅನೇಕ ರಾಜ್ಯಗಳಿಗೆ ಹರಡಿತು, 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ಅದೇ ಮಾದರಿಯನ್ನು ಕಾನೂನಿನ ಮೂಲಕ ಕೈಗೆತ್ತಿಕೊಂಡಿತು. ಕೋವನ್ ಅವರ ಶಿಷ್ಯರ ಬಳಗವೂ ದೊಡ್ಡದು. ಅವರಲ್ಲೊಬ್ಬರಾದ ರೋಜರ್ ವೈಸ್‌ಬರ್ಗ್ 1994ರಲ್ಲಿ ಹುಟ್ಟಿದ ಸಾಮಾಜಿಕ-ಭಾವನಾತ್ಮಕ ಕಲಿಕೆಯ ಒಕ್ಕೂಟವನ್ನು ಮುಂದೆ ಷಿಕಾಗೊದಿಂದ ಮುನ್ನಡೆಸಿದರು. ಭಾವನೆಗಳನ್ನು ಗುರುತಿಸುವುದು, ಜತೆಯವರೊಡನೆ ಹೊಂದಿಕೊಳ್ಳುವುದು ಮುಂತಾದವನ್ನು ತೊಂದರೆಯಲ್ಲಿರುವ ಮಕ್ಕಳಿಗಷ್ಟೇ ಅಲ್ಲದೆ ಎಲ್ಲರಿಗೂ ಪಾಠದಂತೆ ಕಲಿಸುವ ಕಾರ್ಯಕ್ರಮಗಳು ಆ ವೇಳೆಗೆ ನೂರಾರಾಗಿದ್ದವು. ಅಂಥ 213 ಕಾರ್ಯಕ್ರಮಗಳ, 2,70,034 ವಿದ್ಯಾರ್ಥಿಗಳ ಫಲಿತಾಂಶಗಳನ್ನು ಜೋಸೆಫ್ ಡರ್ಲಾಕ್, ವೈಸ್‌ಬರ್ಗ್ ಮತ್ತು ಸಂಗಡಿಗರು 2011ರಲ್ಲಿ ಒಟ್ಟುಗೂಡಿಸಿದರು. ನಡತೆ, ಭಾವನೆಗಳ ಜತೆಗೆ ಓದಿನಲ್ಲೂ ಸುಧಾರಣೆ ಕಂಡಿತು: ನೂರು ಮಕ್ಕಳ ಸಾಲಿನ ನಡುವೆ ನಿಂತ ಮಗು 11 ಸ್ಥಾನ ಮುಂದೆ ಹೋದಷ್ಟು. ಕಾರ್ಯಕ್ರಮ ನಡೆಸಿದವರು ಯಾರು ಎಂಬುದನ್ನೂ ಅವರು ಬೇರೆಯಾಗಿ ನೋಡಿದರು. ಓದಿನಲ್ಲಿ ಗಣನೀಯ ಸುಧಾರಣೆ ಕಂಡದ್ದು ಹೊರಗಿನಿಂದ ಬಂದ ಸಂಶೋಧಕರು ಪಾಠ ಮಾಡಿದ ಕಡೆಗಳಲ್ಲಲ್ಲ, ಶಾಲೆಯ ಶಿಕ್ಷಕರೂ ಸಿಬ್ಬಂದಿಯೂ ತಾವೇ ಅದನ್ನು ಕೈಗೆತ್ತಿಕೊಂಡ ಕಡೆಗಳಲ್ಲಿ ಮಾತ್ರ.